ಮಾರ್ಟಿನ್ ಹಾಡ್ಜ್‌ಸನ್ ಮತ್ತು ಎರಡು ಯುದ್ಧಗಳ ನಡುವಿನ ರಗ್ಬಿ ಲೀಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಟಿನ್ ಹಾಡ್ಜ್‌ಸನ್ ಯಾರು?

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬರ್ಲೆಂಡ್ ಕೌಂಟಿಗೆ ಸೇರಿದ ಎಗ್ರಿಮಾಂಟ್ ಎಂಬ ಪುಟ್ಟ ಪಟ್ಟಣದಲ್ಲಿ 1909ರಲ್ಲಿ ಹುಟ್ಟಿ, 1927ರಿಂದ ಎರಡನೆಯ ಮಹಾಯುದ್ಧದ ಮೊದಲ ವರ್ಷಗಳವರೆಗೆ ಸ್ವಿಂಟನ್ ಎಂಬ ಒಂದೇ ಕ್ಲಬ್ಬಿಗಾಗಿ ಆಡಿದ ರಗ್ಬಿ ಲೀಗ್ ಫಾರ್ವರ್ಡ್ (ಮುಂಸಾಲಿನ ಆಟಗಾರ) ಇವರು. ತಂಡದಲ್ಲಿ ಇವರ ಸ್ಥಾನ ಸೆಕೆಂಡ್ ರೋ, ಅಂದರೆ ಸ್ಕ್ರಮ್‌ನ (ಎರಡೂ ತಂಡಗಳ ಫಾರ್ವರ್ಡ್‌ಗಳು ಚೆಂಡಿಗಾಗಿ ಹೆಗಲು ಕೊಟ್ಟು ತಳ್ಳಾಡುವ ಗುಂಪಿನ) ಎರಡನೆಯ ಸಾಲು. ಗ್ರೇಟ್ ಬ್ರಿಟನ್ ಪರವಾಗಿ 16 ಟೆಸ್ಟ್ ಪಂದ್ಯಗಳನ್ನು ಆಡಿದರು, ಇಂಗ್ಲೆಂಡ್ ಮತ್ತು ಕಂಬರ್ಲೆಂಡ್ ತಂಡಗಳಿಗೂ ಆಡಿದರು, 1932 ಮತ್ತು 1936ರಲ್ಲಿ ಎರಡು ಬಾರಿ ಆಸ್ಟ್ರೇಲಿಯಾ ಹಾಗೂ ನ್ಯೂಜಿಲೆಂಡ್ ಪ್ರವಾಸ ಮಾಡಿದರು. 1991ರಲ್ಲಿ ತೀರಿಕೊಂಡರು.

ಇಂದು ಇವರ ಹೆಸರು ಎಲ್ಲಾದರೂ ಕಂಡರೆ ಅದು ಸಾಮಾನ್ಯವಾಗಿ ದಾಖಲೆಗಳ ಪುಸ್ತಕದಲ್ಲಿ, 1940ರಲ್ಲಿ ಒದ್ದ ಒಂದು ದೂರದ ಗೋಲಿನ ಎದುರು. ಆ ಒಂದು ಒದೆತ ಇವರ ಉಳಿದ ವೃತ್ತಿಜೀವನವನ್ನೆಲ್ಲ ಮರೆಮಾಡಿದೆ ಎಂಬುದು ಈ ಲೇಖಕನ ಅಭಿಪ್ರಾಯ. ಆದ್ದರಿಂದ ಆ ಗೋಲಿನ ವಿಷಯವನ್ನು ಇಲ್ಲಿ ಸಾಕಷ್ಟು ಕೆಳಗೆ ಇಟ್ಟಿದೆ.

ರಗ್ಬಿ ಮತ್ತು ರಗ್ಬಿ ಲೀಗ್ ಒಂದೇ ಅಲ್ಲವೇ?

ಅಲ್ಲ. ಒಂದೇ ಬೇರಿನಿಂದ ಒಡೆದ ಎರಡು ಆಟಗಳು ಇವು. 1895ರ ಆಗಸ್ಟ್ 29ರಂದು ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ರಗ್ಬಿ ಯೂನಿಯನ್ನಿನಿಂದ ಹೊರಬಂದು ನಾರ್ದರ್ನ್ ಯೂನಿಯನ್ ಎಂಬ ಪ್ರತ್ಯೇಕ ಸಂಸ್ಥೆಯನ್ನು ಕಟ್ಟಿಕೊಂಡವು. ಜಗಳ ಹುಟ್ಟಿದ್ದು ಕೂಲಿಯ ವಿಷಯದಲ್ಲಿ. ಗಿರಣಿ, ಗಣಿ, ಬಂದರುಗಳಲ್ಲಿ ದುಡಿಯುತ್ತಿದ್ದ ಆಟಗಾರರು ಶನಿವಾರದ ಪಂದ್ಯಕ್ಕಾಗಿ ಕೆಲಸ ಬಿಟ್ಟು ಬಂದರೆ ಆ ಹೊತ್ತಿನ ಕೂಲಿ ಕೈತಪ್ಪುತ್ತಿತ್ತು. ಅದನ್ನು ಕ್ಲಬ್ಬು ತುಂಬಿಕೊಡಬೇಕೆಂದು ಉತ್ತರದವರು ಕೇಳಿದರು, ಆಟಕ್ಕೆ ಹಣ ಮುಟ್ಟುವುದೇ ತಪ್ಪೆಂದು ಲಂಡನ್ನಿನ ಅಧಿಕಾರಸ್ಥರು ಹಟ ಹಿಡಿದರು. ಹೊಸ ಸಂಸ್ಥೆ 1922ರಲ್ಲಿ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಪಡೆಯಿತು.

ನಿಯಮಗಳೂ ಬೇಗನೆ ಬೇರೆಯಾದವು. 1906ರಲ್ಲಿ ತಂಡದ ಬಲ 15ರಿಂದ 13ಕ್ಕೆ ಇಳಿಯಿತು. ಟ್ಯಾಕಲ್‌ಗೆ, ಅಂದರೆ ಎದುರಾಳಿಯ ಹಿಡಿತಕ್ಕೆ, ಸಿಕ್ಕಿಬಿದ್ದ ಆಟಗಾರ ಎದ್ದು ನಿಂತು ಚೆಂಡನ್ನು ನೆಲಕ್ಕಿಟ್ಟು ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿ ಆಟ ಮುಂದುವರಿಸುವ ಪದ್ಧತಿಯೂ ಅದೇ ವರ್ಷ ಬಂತು. ಹಾಡ್ಜ್‌ಸನ್ ಆಡಿದ ಕಾಲದಲ್ಲಿ ಟ್ರೈಗೆ, ಅಂದರೆ ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದ್ದಕ್ಕೆ, 3 ಅಂಕ, ಚೆಂಡನ್ನು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಒದೆಯುವ ಯಾವುದೇ ಬಗೆಯ ಗೋಲಿಗೆ 2 ಅಂಕ ಇತ್ತು. ಈಗಿನಂತೆ ಆರು ಟ್ಯಾಕಲ್‌ಗಳ ಮಿತಿ ಇರಲಿಲ್ಲ. ಮೊದಲು ನಾಲ್ಕು ಟ್ಯಾಕಲ್‌ಗಳ ಮಿತಿ ಬಂದದ್ದೇ 1966ರಲ್ಲಿ. ಅಲ್ಲಿಯವರೆಗೆ ಚೆಂಡು ಕೈತಪ್ಪದೆ ಇದ್ದಷ್ಟು ಹೊತ್ತೂ ಒಂದು ತಂಡವೇ ಅದನ್ನು ಇಟ್ಟುಕೊಂಡು ಆಡಬಹುದಿತ್ತು.

ಸೆಕೆಂಡ್ ರೋ ಫಾರ್ವರ್ಡ್ ನಿಜವಾಗಿ ಏನು ಮಾಡುತ್ತಿದ್ದ?

ಹದಿಮೂರು ಮಂದಿಯಲ್ಲಿ ಆರು ಜನ ಫಾರ್ವರ್ಡ್‌ಗಳು. ಮುಂದಿನ ಸಾಲಿನಲ್ಲಿ ಇಬ್ಬರು ಪ್ರಾಪ್‌ಗಳು, ಅವರ ಹೆಗಲಿಗೆ ತೋಳು ಹಾಕಿ ನಡುವೆ ತೂಗುವ ಹುಕರ್, ಅವರ ಬೆನ್ನಿಗೆ ಸೆಕೆಂಡ್ ರೋದ ಇಬ್ಬರು, ಕೊನೆಯಲ್ಲಿ ಲೂಸ್ ಫಾರ್ವರ್ಡ್. ಸ್ಕ್ರಮ್ ಕಟ್ಟಿದಾಗ ಸೆಕೆಂಡ್ ರೋದವನ ತಲೆ ಪ್ರಾಪ್ ಮತ್ತು ಹುಕರ್‌ರ ಸೊಂಟದ ನಡುವಿನ ಸಂದಿಯಲ್ಲಿರುತ್ತದೆ, ಒಂದು ಭುಜ ಪ್ರಾಪ್‌ನ ತೊಡೆಗೆ ಆತಿರುತ್ತದೆ, ಕಾಲುಗಳು ಹಿಂದಕ್ಕೆ ಚಾಚಿ ಕೆಸರಿನಲ್ಲಿ ಊರಿರುತ್ತವೆ. ಚೆಂಡು ಒಳಗೆ ಬಿದ್ದ ಕ್ಷಣ ಅವನು ಕೊಡುವ ನೂಕಿನ ಮೇಲೆ ಹುಕರ್‌ನ ಕಾಲು ಚೆಂಡನ್ನು ಮುಟ್ಟುತ್ತದೆಯೋ ಇಲ್ಲವೋ ಎಂಬುದು ನಿಂತಿರುತ್ತಿತ್ತು. ಟ್ಯಾಕಲ್‌ಗಳಿಗೆ ಮಿತಿಯೇ ಇಲ್ಲದ ಆಟದಲ್ಲಿ ಸ್ಕ್ರಮ್ ಗೆದ್ದು ಚೆಂಡು ಪಡೆಯುವುದು ಅರ್ಧ ಪಂದ್ಯ ಗೆದ್ದಂತೆಯೇ ಇತ್ತು. ಇಂದಿನ ರಗ್ಬಿ ಲೀಗ್‌ನಲ್ಲಿ ಸ್ಕ್ರಮ್ ಬಹುತೇಕ ಶಾಸ್ತ್ರಕ್ಕಷ್ಟೇ ಉಳಿದಿರುವುದರಿಂದ ಈ ಮಾತು ಈಗಿನ ಪ್ರೇಕ್ಷಕರಿಗೆ ಸುಲಭವಾಗಿ ತಲೆಗೆ ಹತ್ತುವುದಿಲ್ಲ.

ಸ್ಕ್ರಮ್ ಮುರಿದ ಮೇಲೆ ಎರಡನೆಯ ಕೆಲಸ ಶುರುವಾಗುತ್ತದೆ. ಬೆನ್ನಿಗೆ ಬಿದ್ದು ಎದುರಾಳಿಯ ಓಟಗಾರನನ್ನು ಅಡ್ಡಗಟ್ಟಬೇಕು, ತನ್ನವರು ಚೆಂಡು ಹಿಡಿದಾಗ ಪಕ್ಕದಲ್ಲೇ ಓಡಿ ಪಾಸ್ ತೆಗೆದುಕೊಳ್ಳಬೇಕು. ಹಿಡಿತ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ಕಬಡ್ಡಿ. ಸೊಂಟ, ತೊಡೆಗಳಿಗೆ ಬಿದ್ದು ಎದುರಾಳಿಯನ್ನು ನೆಲಕ್ಕೆ ಕೆಡಹುವ ಕೌಶಲ ಎರಡರಲ್ಲೂ ಹತ್ತಿರ ಹತ್ತಿರ ಒಂದೇ. ಆದರೆ ಇಲ್ಲಿ ಎದುರಾಳಿ ಪೂರ್ಣ ವೇಗದಲ್ಲಿ ಓಡಿ ಬರುತ್ತಿರುತ್ತಾನೆ, ಕೆಡಹಿದವನು ಮರುಕ್ಷಣವೇ ಎದ್ದು ಮತ್ತೊಬ್ಬನಿಗೆ ಅಡ್ಡ ಹೋಗಬೇಕಾಗುತ್ತದೆ, ಇದು ಎಂಬತ್ತು ನಿಮಿಷ ನಡೆಯುತ್ತದೆ. ಬದಲಿ ಆಟಗಾರರಿಗೆ 1964ರವರೆಗೆ ಅವಕಾಶವೇ ಇರಲಿಲ್ಲ. ಒಬ್ಬನ ಮೂಳೆ ಮುರಿದರೆ ಉಳಿದ ಹನ್ನೆರಡು ಮಂದಿಯೇ ಪಂದ್ಯ ಮುಗಿಸಬೇಕಿತ್ತು.

ಹಾಡ್ಜ್‌ಸನ್‌ರ ವಿಶೇಷ ಇದ್ದದ್ದು ಈ ಎರಡೂ ಕೆಲಸಗಳನ್ನು ಒಂದೇ ದೇಹದಿಂದ ಮಾಡಿಸಿದ್ದರಲ್ಲಿ. ಸ್ಕ್ರಮ್‌ನಲ್ಲಿ ಪ್ರಾಪ್‌ಗೆ ಸಾಕಾಗುವಷ್ಟು ತೂಕ, ಬಯಲಿನಲ್ಲಿ ಹಿಂದಿನ ಸಾಲಿನವರ ಜೊತೆ ಓಡುವಷ್ಟು ಕಾಲು, ಅದರ ಮೇಲೆ ಗೋಲ್ ಒದೆಯುವ ಗುರಿ. ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ಎಗ್ರಿಮಾಂಟ್‌ನ ಹುಡುಗ ಸ್ವಿಂಟನ್‌ಗೆ ಹೇಗೆ ಬಂದ?

ಪಶ್ಚಿಮ ಕಂಬರ್ಲೆಂಡ್ ಎಂದರೆ ಒಂದು ಕಡೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು, ಇನ್ನೊಂದು ಕಡೆ ಐರಿಶ್ ಸಮುದ್ರ, ನಡುವೆ ಕಲ್ಲಿದ್ದಲು ಮತ್ತು ಕಬ್ಬಿಣದ ಅದಿರಿನ ಗಣಿಗಳು. ಎಗ್ರಿಮಾಂಟ್‌ನ ಸುತ್ತ ತೆಗೆಯುತ್ತಿದ್ದದ್ದು ಹೆಮಟೈಟ್ ಎಂಬ ಕೆಂಪು ಅದಿರು. ಮೊದಲ ಯುದ್ಧದ ನಂತರ ಆ ಸೀಮೆಯಲ್ಲಿ ಕೆಲಸ ಕಡಿಮೆಯಾಯಿತು, ನಿರುದ್ಯೋಗ ಹೆಚ್ಚಿತು. ರಗ್ಬಿಗೆ ಮಾತ್ರ ಬರ ಬರಲಿಲ್ಲ. ಹಳ್ಳಿ ಹಳ್ಳಿಗಳಲ್ಲಿ ಆಟ ಇದ್ದುದರಿಂದ ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರಿನ ದೊಡ್ಡ ಕ್ಲಬ್ಬುಗಳ ಕಣ್ಣು ಸದಾ ಅಲ್ಲಿನ ಹುಡುಗರ ಮೇಲೆ ಇರುತ್ತಿತ್ತು.

ಹಾಡ್ಜ್‌ಸನ್ ಮೊದಲು ಎಗ್ರಿಮಾಂಟ್‌ನಲ್ಲಿ ಆಡುತ್ತಿದ್ದದ್ದು ರಗ್ಬಿ ಯೂನಿಯನ್. 1927ರ ಆರಂಭದಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಮ್ಯಾಂಚೆಸ್ಟರಿನ ಮಗ್ಗುಲಲ್ಲಿರುವ ಸ್ವಿಂಟನ್ ಕ್ಲಬ್ ಅವರನ್ನು ಸೇರಿಸಿಕೊಂಡಿತು. ಈ ನಿರ್ಧಾರದಲ್ಲಿ ಹಿಂದಿರುಗುವ ದಾರಿ ಇರಲಿಲ್ಲ. ಲೀಗ್‌ನಿಂದ ಹಣ ಮುಟ್ಟಿದವನಿಗೆ ಯೂನಿಯನ್ ಆಜೀವ ನಿಷೇಧ ಹಾಕುತ್ತಿತ್ತು, ಮತ್ತೆ ತನ್ನೂರಿನ ಯೂನಿಯನ್ ತಂಡಕ್ಕೆ ಗೆಳೆಯರ ಜೊತೆ ಆಡಲೂ ಬಿಡುತ್ತಿರಲಿಲ್ಲ. ರಗ್ಬಿ ಯೂನಿಯನ್ ತಾನೇ ಬಹಿರಂಗವಾಗಿ ವೃತ್ತಿಪರ ಆಟವಾದದ್ದು 1995ರಲ್ಲಿ, ಒಡಕಿನ ನೂರು ವರ್ಷಗಳ ನಂತರ. ಹದಿನೇಳರ ಹುಡುಗನೊಬ್ಬನ ಮೇಲೆ ಇಷ್ಟು ದೊಡ್ಡ ಶಿಕ್ಷೆ ಹೊರಿಸುತ್ತಿದ್ದ ನಿಯಮವನ್ನು ಸಮರ್ಥಿಸಲು ಇಂದು ಯಾರಿಗೂ ಬಾಯಿ ಬರಲಾರದು.

1927-28ರ ಋತು ಏಕೆ ಅಷ್ಟು ಪ್ರಸಿದ್ಧ?

ಆಗ ಲ್ಯಾಂಕಷೈರಿನ ಕ್ಲಬ್ಬೊಂದು ಒಂದು ಋತುವಿನಲ್ಲಿ ಗೆಲ್ಲಬಹುದಾಗಿದ್ದ ಬಹುಮಾನಗಳು ನಾಲ್ಕು: ಲ್ಯಾಂಕಷೈರ್ ಕಪ್, ಲ್ಯಾಂಕಷೈರ್ ಲೀಗ್, ಚಾಲೆಂಜ್ ಕಪ್ ಮತ್ತು ಚಾಂಪಿಯನ್‌ಷಿಪ್. ನಾಲ್ಕನ್ನೂ ಒಂದೇ ಋತುವಿನಲ್ಲಿ ಗೆದ್ದ ತಂಡಗಳು ಇತಿಹಾಸದಲ್ಲಿ ಮೂರೇ. 1907-08ರಲ್ಲಿ ಹನ್ಸ್‌ಲೆಟ್ ಮತ್ತು 1914-15ರಲ್ಲಿ ಹಡರ್ಸ್‌ಫೀಲ್ಡ್ ಯಾರ್ಕ್‌ಷೈರಿನ ಕಡೆಯಿಂದ, ತಮ್ಮದೇ ಕೌಂಟಿಯ ಕಪ್ ಮತ್ತು ಲೀಗ್‌ಗಳನ್ನು ಗೆದ್ದು, ಈ ಸಾಧನೆ ಮಾಡಿದ್ದವು. ಮೂರನೆಯದು 1927-28ರ ಸ್ವಿಂಟನ್. ಆ ಬಳಿಕ ಯಾರಿಂದಲೂ ಆಗಲಿಲ್ಲ.

1927ರ ನವೆಂಬರ್ 19ರಂದು ಓಲ್ಡಮ್‌ನ ವಾಟರ್‌ಶೆಡಿಂಗ್ಸ್ ಮೈದಾನದಲ್ಲಿ ವಿಗನ್ ತಂಡವನ್ನು 5-2ರಿಂದ ಸೋಲಿಸಿ ಸ್ವಿಂಟನ್ ಲ್ಯಾಂಕಷೈರ್ ಕಪ್ ಎತ್ತಿತು. 1928ರ ಏಪ್ರಿಲ್ 14ರಂದು ವಿಗನ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ವಾರಿಂಗ್ಟನ್ ವಿರುದ್ಧ 5-3ರಿಂದ ಚಾಲೆಂಜ್ ಕಪ್ ಬಂತು. ಮೇ 5ರಂದು ಮತ್ತೆ ವಾಟರ್‌ಶೆಡಿಂಗ್ಸ್‌ನಲ್ಲೇ ಫೆದರ್‌ಸ್ಟೋನ್ ರೋವರ್ಸ್ ವಿರುದ್ಧ 11-0ರಿಂದ ಚಾಂಪಿಯನ್‌ಷಿಪ್ ಮುಡಿಗೇರಿತು. ನಾಯಕ ಹೆಕ್ಟರ್ ಹಾಲ್‌ಸಾಲ್. ಮೂರು ಫೈನಲ್‌ಗಳಲ್ಲಿ ಎದುರಾಳಿಗಳಿಗೆ ಸಿಕ್ಕ ಒಟ್ಟು ಅಂಕ ಐದೇ ಐದು ಎಂಬುದನ್ನು ಗಮನಿಸಿದರೆ ಈ ತಂಡ ಗೆದ್ದದ್ದು ಯಾವುದರಿಂದ ಎಂದು ತಿಳಿಯುತ್ತದೆ. ಓಟದ ಸೊಗಸಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಫಾರ್ವರ್ಡ್‌ಗಳ ಟ್ಯಾಕಲ್‌ಗಳು ಆ ಕಪ್‌ಗಳನ್ನು ತಂದವು. ಹಾಡ್ಜ್‌ಸನ್ ಆಗ ಕ್ಲಬ್ಬಿಗೆ ಬಂದು ಒಂದು ವರ್ಷವಷ್ಟೇ ಆಗಿತ್ತು, ವಯಸ್ಸು ಹತ್ತೊಂಬತ್ತು.

ಮುಂದೆ 1930-31ರಲ್ಲಿ ಲೀಡ್ಸ್ ವಿರುದ್ಧ 14-7ರಿಂದ, 1934-35ರಲ್ಲಿ ವಾರಿಂಗ್ಟನ್ ವಿರುದ್ಧ 14-3ರಿಂದ ಸ್ವಿಂಟನ್ ಮತ್ತೆ ಚಾಂಪಿಯನ್ ಆಯಿತು. 1929ರ ಮಾರ್ಚ್‌ನಲ್ಲಿ ಕ್ಲಬ್ ತನ್ನ ಹಳೆಯ ಚೋರ್ಲಿ ರೋಡ್ ಮೈದಾನವನ್ನು ಬಿಟ್ಟು ಸ್ಟೇಷನ್ ರೋಡ್‌ನ ವಿಶಾಲವಾದ ಹೊಸ ಮೈದಾನಕ್ಕೆ ಹೋಯಿತು. ಆ ಮೈದಾನ ಬಹುಬೇಗ ಟೆಸ್ಟ್ ಪಂದ್ಯಗಳ ತಾಣವೂ ಆಯಿತು.

ಫಾರ್ವರ್ಡ್ ಆಗಿದ್ದವರಿಗೆ ಗೋಲ್ ಒದೆಯುವ ಕೆಲಸ ಏಕೆ ಕೊಟ್ಟರು?

ಮೇಲಿನ ಅಂಕಗಳನ್ನು ಮತ್ತೊಮ್ಮೆ ನೋಡಬೇಕು: 5-2, 5-3. ಟೆಸ್ಟ್‌ಗಳಲ್ಲಿಯೂ 3-0, 4-0, 5-4 ಎಂಬಂಥ ಫಲಿತಾಂಶಗಳು ಬರುತ್ತಿದ್ದ ಕಾಲ ಅದು. ಇಂಥ ಆಟದಲ್ಲಿ ಎರಡಂಕದ ಒಂದು ಗೋಲ್ ಕಪ್ಪನ್ನೇ ಈಚೆಗೋ ಆಚೆಗೋ ಎಳೆದುಬಿಡುತ್ತಿತ್ತು. ಎದುರಾಳಿ ತನ್ನ ಅರ್ಧದಲ್ಲಿ ತಪ್ಪು ಮಾಡಿದರೂ ಪೆನಾಲ್ಟಿ ದೂರವಾಯಿತೆಂದು ನೆಮ್ಮದಿಯಿಂದ ಇರುವಂತಿಲ್ಲ, ಅಲ್ಲಿಂದಲೂ ಗೋಲ್ ಹೊಡೆಯಬಲ್ಲ ಒಬ್ಬ ಇದ್ದಾನೆ ಎಂಬ ಅಳುಕು ಅವರ ಆಟದ ಬಗೆಯನ್ನೇ ಬದಲಿಸುತ್ತದೆ. ದೂರದ ಒದೆತಕ್ಕೆ ಬೇಕಾದ ಕಾಲಿನ ಬಲ ಹಿಂದಿನ ಸಾಲಿನ ತೆಳ್ಳಗಿನ ಓಟಗಾರರಿಗಿಂತ ಹಾಡ್ಜ್‌ಸನ್‌ರಂಥವರಲ್ಲಿ ಹೆಚ್ಚಿತ್ತು.

ಒದೆಯುವ ರೀತಿಯೂ ಈಗಿನದಲ್ಲ. ಇಂದಿನವರು ಪ್ಲಾಸ್ಟಿಕ್ ಆಸರೆಯ ಮೇಲೆ ಚೆಂಡಿಟ್ಟು, ಪಕ್ಕದಿಂದ ಓಡಿಬಂದು, ಪಾದದ ಒಳಬದಿಯ ಮೇಲ್ಭಾಗದಿಂದ ಸುತ್ತಿ ಒದೆಯುತ್ತಾರೆ. ಅಂದಿನವರು ಬೂಟಿನ ಹಿಮ್ಮಡಿಯಿಂದ ನೆಲದಲ್ಲಿ ಕುಳಿ ತೋಡಿ, ಅದರಲ್ಲಿ ಚೆಂಡಿನ ಮೂತಿಯನ್ನು ನಿಲ್ಲಿಸಿ, ನೇರವಾಗಿ ಹಿಂದಕ್ಕೆ ಹೆಜ್ಜೆ ಎಣಿಸಿ ಹೋಗಿ, ಗಟ್ಟಿ ಮುಂಗಾಲಿನ ಬೂಟಿನ ತುದಿಯಿಂದ ಗುದ್ದುತ್ತಿದ್ದರು. ಚರ್ಮದ ಚೆಂಡು ಜನವರಿಯ ಮಳೆ ಕುಡಿದು ಪಂದ್ಯ ಸಾಗಿದಂತೆಲ್ಲ ಭಾರವಾಗುತ್ತಿತ್ತು. ಬೂಟಿನ ತುದಿ ಒಂದಿಷ್ಟು ಓರೆಯಾಗಿ ತಗುಲಿದರೂ ಚೆಂಡು ಗುರಿ ಬಿಟ್ಟು ಎಲ್ಲೋ ಹೋಗುತ್ತಿತ್ತು. ಅದೂ ಸ್ಕ್ರಮ್‌ನಲ್ಲಿ ತಳ್ಳಿ ತಳ್ಳಿ ನಡುಗುವ ತೊಡೆಗಳನ್ನು ಹೊತ್ತ ಫಾರ್ವರ್ಡ್ ಆ ಗಳಿಗೆಯಲ್ಲಿ ಉಸಿರು ಹಿಡಿದು ನಿಲ್ಲಬೇಕು. ಹಿಂದಿನ ಸಾಲಿನಲ್ಲಿ ತಣ್ಣಗೆ ನಿಂತಿದ್ದ ಫುಲ್‌ಬ್ಯಾಕ್ ಒದೆಯುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಟೆಸ್ಟ್ ವೃತ್ತಿಜೀವನ ಎಂದು ಆರಂಭವಾಯಿತು?

1929-30ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿಗೆ ಬಂದಾಗ. ಆ ಸರಣಿಯೇ ವಿಚಿತ್ರ. ಹಲ್‌ನಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ 31-8ರಿಂದ ಗೆದ್ದಿತು. ಲೀಡ್ಸ್‌ನ ಎರಡನೆಯದನ್ನು ಬ್ರಿಟನ್ 9-3ರಿಂದ ಗೆದ್ದಿತು. 1930ರ ಜನವರಿ 4ರಂದು ಸ್ವಿಂಟನ್ನಿನ ಹೊಸ ಸ್ಟೇಷನ್ ರೋಡ್ ಮೈದಾನದಲ್ಲಿ ಮೂರನೆಯ ಟೆಸ್ಟ್ 0-0ರಲ್ಲಿ ಮುಗಿಯಿತು. ಆ ಪಂದ್ಯದ ಕೊನೆಯ ನಿಮಿಷಗಳಲ್ಲಿ ಆಸ್ಟ್ರೇಲಿಯಾದ ಜೋ ಬುಷ್ ಮೂಲೆಯಲ್ಲಿ ಚೆಂಡನ್ನು ನೆಲಕ್ಕೊತ್ತಿದರೂ ಟಚ್ ಜಡ್ಜ್ (ಬದಿಯ ಗೆರೆ ನೋಡುವ ತೀರ್ಪುಗಾರ) ಅದನ್ನು ಒಪ್ಪಲಿಲ್ಲ. ಆಸ್ಟ್ರೇಲಿಯನ್ನರ ಮಟ್ಟಿಗೆ ಅದು ಇಂದಿಗೂ ಆರದ ಗಾಯ. ಸರಣಿ ಸಮವಾದ್ದರಿಂದ ಹಿಂದೆಂದೂ ಇಲ್ಲದ ನಾಲ್ಕನೆಯ ಟೆಸ್ಟ್ ಒಂದನ್ನು ಜನವರಿ 15ರಂದು ರಾಕ್‌ಡೇಲ್‌ನಲ್ಲಿ ಏರ್ಪಡಿಸಿದರು. ಸ್ಟಾನ್ಲಿ ಸ್ಮಿತ್ ಗಳಿಸಿದ ಒಂದೇ ಒಂದು ಟ್ರೈಯಿಂದ ಬ್ರಿಟನ್ 3-0 ಅಂತರದಲ್ಲಿ ಗೆದ್ದು ಆಶಸ್ ಉಳಿಸಿಕೊಂಡಿತು.

ಹೌದು, ರಗ್ಬಿ ಲೀಗ್‌ನಲ್ಲೂ ಆಶಸ್ ಇದೆ. ಕ್ರಿಕೆಟ್ಟಿನಿಂದ ಎರವಲು ತಂದ ಹೆಸರು. 1921-22ರಲ್ಲಿ ಅದನ್ನು ಗೆದ್ದ ಬ್ರಿಟನ್ 1950ರವರೆಗೆ ಬಿಟ್ಟುಕೊಡಲಿಲ್ಲ. ಹೀಗಾಗಿ ಹಾಡ್ಜ್‌ಸನ್ ತಮ್ಮ ಇಡೀ ವೃತ್ತಿಜೀವನದಲ್ಲಿ ಆಶಸ್ ಸರಣಿಯೊಂದನ್ನು ಸೋತದ್ದೇ ಇಲ್ಲ.

1932ರ ಪ್ರವಾಸದಲ್ಲಿ ಏನಾಯಿತು?

ಇಪ್ಪತ್ತಾರು ಆಟಗಾರರು, ವೇಲ್ಸ್ ಮೂಲದ ವಿಗನ್ ಫುಲ್‌ಬ್ಯಾಕ್ ಜಿಮ್ ಸಲಿವನ್ ನಾಯಕತ್ವ, ವಾರಗಟ್ಟಲೆ ಹಡಗಿನ ಪ್ರಯಾಣ. ಜೂನ್ 6ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಮೊದಲ ಟೆಸ್ಟ್ ನೋಡಲು 70,204 ಜನ ಸೇರಿದರು. ರಗ್ಬಿ ಲೀಗ್ ಪಂದ್ಯವೊಂದಕ್ಕೆ ಅಲ್ಲಿಯವರೆಗೆ ಅಷ್ಟು ಜನ ಎಲ್ಲಿಯೂ ಸೇರಿರಲಿಲ್ಲ. ಬ್ರಿಟನ್ 8-6ರಿಂದ ಗೆದ್ದಿತು.

ಜೂನ್ 18ರಂದು ಬ್ರಿಸ್ಬೇನ್‌ನ ಗಾಬಾದಲ್ಲಿ ನಡೆದ ಎರಡನೆಯ ಟೆಸ್ಟ್ ಅನ್ನು ಆಸ್ಟ್ರೇಲಿಯಾದವರು ಇಂದಿಗೂ 'ಬ್ರಿಸ್ಬೇನ್ ಕದನ' ಎನ್ನುತ್ತಾರೆ. ಗಾಯಗಳಿಂದಾಗಿ ಒಂದು ಹಂತದಲ್ಲಿ ಆಸ್ಟ್ರೇಲಿಯಾದ ಬಳಿ ಹತ್ತೇ ಮಂದಿ ಉಳಿದಿದ್ದರು. ಹುಕರ್ ಡ್ಯಾನ್ ಡೆಂಪ್ಸಿಯ ತೋಳು ಮುರಿದಿತ್ತು. ಕಣಕಾಲು ಮುರಿದಿದ್ದ ಎರಿಕ್ ವೈಸೆಲ್ ಚೆಂಡು ಸಿಕ್ಕೊಡನೆ ಮೈದಾನದ ಬಹುಭಾಗವನ್ನು ಓಡಿ ದಾಟಿದ, ಅದರ ಬೆನ್ನಲ್ಲೇ ಹೆಕ್ಟರ್ ಗೀ ಟ್ರೈ ಗಳಿಸಿದ. ಆಸ್ಟ್ರೇಲಿಯಾ 15-6ರಿಂದ ಗೆದ್ದಿತು. ಈ ಕಥೆಯನ್ನು ಸಾಮಾನ್ಯವಾಗಿ ಗೆದ್ದವರ ಸಾಹಸವಾಗಿ ಹೇಳಲಾಗುತ್ತದೆ, ಅದು ನ್ಯಾಯವೂ ಹೌದು. ಆದರೆ ಎದುರಾಳಿಯಲ್ಲಿ ಹತ್ತು ಜನ ಮಾತ್ರ ಉಳಿದಾಗಲೂ ಸೋತ ಬ್ರಿಟಿಷ್ ಫಾರ್ವರ್ಡ್‌ಗಳು ಒಂದು ತಿಂಗಳೊಳಗೆ ಅದೇ ಎದುರಾಳಿಯ ಮುಂದೆ ಹೇಗೆ ಸುಧಾರಿಸಿಕೊಂಡರು ಎಂಬುದೂ ಅಷ್ಟೇ ಗಮನಿಸಬೇಕಾದ ಸಂಗತಿ. ಜುಲೈ 16ರಂದು ಸಿಡ್ನಿಯಲ್ಲಿ ಸ್ಟಾನ್ಲಿ ಸ್ಮಿತ್ ಮೂರು ಟ್ರೈ ಗಳಿಸಿದರು, ಬ್ರಿಟನ್ 18-13ರಿಂದ ಪಂದ್ಯವನ್ನೂ ಸರಣಿಯನ್ನೂ ಗೆದ್ದಿತು. ಅಲ್ಲಿಂದ ನ್ಯೂಜಿಲೆಂಡಿಗೆ ಹೋಗಿ ಮೂರು ಟೆಸ್ಟ್‌ಗಳನ್ನೂ ಗೆದ್ದು ಬಂದರು. ಮೂರನೆಯದರಲ್ಲಿ ಅಂತರ 20-18 ಮಾತ್ರ.

ಕಾಲದ ಅಂದಾಜಿಗೆ ಒಂದು ಮಾತು: ಬ್ರಿಸ್ಬೇನ್ ಟೆಸ್ಟ್ ಮುಗಿದು ಸರಿಯಾಗಿ ಒಂದು ವಾರಕ್ಕೆ, 1932ರ ಜೂನ್ 25ರಂದು, ಸಿ.ಕೆ. ನಾಯುಡು ನಾಯಕತ್ವದಲ್ಲಿ ಭಾರತ ತನ್ನ ಮೊಟ್ಟಮೊದಲ ಕ್ರಿಕೆಟ್ ಟೆಸ್ಟ್ ಆಡಲು ಲಾರ್ಡ್ಸ್‌ನಲ್ಲಿ ಇಳಿಯಿತು.

ಆ ತಂಡ ಇಂಗ್ಲೆಂಡೋ, ಗ್ರೇಟ್ ಬ್ರಿಟನ್ನೋ?

ಆಗಿನ ಪತ್ರಿಕೆಗಳಲ್ಲಿ ಬಹಳಷ್ಟು ಸಲ 'ಇಂಗ್ಲೆಂಡ್' ಎಂದೇ ಇದೆ, ನಾಯಕ ಸಲಿವನ್ ಅಪ್ಪಟ ವೇಲ್ಸ್‌ನವರಾಗಿದ್ದರೂ ಸಹ. ಗ್ರೇಟ್ ಬ್ರಿಟನ್ ಎಂಬ ಹೆಸರು ಅಧಿಕೃತವಾಗಿ ಬಳಕೆಗೆ ಬಂದದ್ದು ಎರಡನೆಯ ಯುದ್ಧದ ನಂತರ, ಹಿಂದಿನ ಟೆಸ್ಟ್‌ಗಳನ್ನೂ ಆಮೇಲೆ ಅದೇ ಲೆಕ್ಕಕ್ಕೆ ಸೇರಿಸಿದರು. ವೇಲ್ಸ್, ಫ್ರಾನ್ಸ್ ಮೊದಲಾದವರ ವಿರುದ್ಧ ಇಂಗ್ಲಿಷರು ಮಾತ್ರ ಆಡುತ್ತಿದ್ದ ಇಂಗ್ಲೆಂಡ್ ತಂಡವೇ ಬೇರೆ. ಹಾಡ್ಜ್‌ಸನ್ ಎರಡರಲ್ಲೂ ಇದ್ದರು. ಕೌಂಟಿ ಪಂದ್ಯಗಳಲ್ಲಿ ಹುಟ್ಟೂರೇ ಆಧಾರವಾದ್ದರಿಂದ, ಲ್ಯಾಂಕಷೈರಿನ ಕ್ಲಬ್ಬಿನ ಆಟಗಾರರಾಗಿದ್ದರೂ ಅವರು ಕಂಬರ್ಲೆಂಡ್ ಪರವಾಗಿ ಲ್ಯಾಂಕಷೈರಿನ ಎದುರು ನಿಲ್ಲುತ್ತಿದ್ದರು, ಹಿಂದಿನ ವಾರ ಜೊತೆಗೆ ಆಡಿದವರನ್ನೇ ಈ ವಾರ ಕೆಡಹುತ್ತಿದ್ದರು.

1933ರ ಸರಣಿಯನ್ನು ಏಕೆ ವಿಶೇಷವಾಗಿ ನೆನೆಯುತ್ತಾರೆ?

ಮೂರಕ್ಕೆ ಮೂರೂ ಗೆದ್ದ ಸರಣಿ ಅದು. ಮ್ಯಾಂಚೆಸ್ಟರಿನ ಬೆಲ್ ವ್ಯೂನಲ್ಲಿ 4-0, ಲೀಡ್ಸ್‌ನಲ್ಲಿ 7-5, ಡಿಸೆಂಬರ್ 16ರಂದು ಹಾಡ್ಜ್‌ಸನ್‌ರ ಸ್ವಂತ ಮೈದಾನವಾದ ಸ್ಟೇಷನ್ ರೋಡ್‌ನಲ್ಲಿ 19-16. ಮೊದಲ ಪಂದ್ಯದ ನಾಲ್ಕು ಅಂಕಗಳೂ ಸಲಿವನ್ ಒದ್ದ ಎರಡು ಗೋಲ್‌ಗಳಿಂದ ಬಂದವು, ಎಂಬತ್ತು ನಿಮಿಷಗಳಲ್ಲಿ ಒಂದು ಟ್ರೈಯೂ ಇಲ್ಲ. ಇಂಥ ಪಂದ್ಯವನ್ನು ಬೇಸರದ್ದೆಂದು ತಳ್ಳಿಹಾಕುವವರಿದ್ದಾರೆ. ಫಾರ್ವರ್ಡ್‌ಗಳ ಆಟವನ್ನು ನೋಡಲು ಬಲ್ಲವರಿಗೆ ಅದಕ್ಕಿಂತ ಬಿಗಿಯಾದ ಪಂದ್ಯ ಬೇರೆ ಬೇಡ.

ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ತಂಡಗಳು ಪ್ಯಾರಿಸ್ಸಿನ ಪರ್ಶಿಂಗ್ ಕ್ರೀಡಾಂಗಣದಲ್ಲಿ ಪ್ರದರ್ಶನ ಪಂದ್ಯವೊಂದನ್ನು ಆಡಿದವು. ಆಸ್ಟ್ರೇಲಿಯಾ 63-13ರಿಂದ ಗೆದ್ದಿತು. ಇಂಗ್ಲೆಂಡಿನ ಮಟ್ಟಿಗೆ ಹೀನಾಯ ಸೋಲು, ಆದರೆ ಆಟದ ಮಟ್ಟಿಗೆ ದೊಡ್ಡ ಲಾಭ: ಅದನ್ನು ನೋಡಿದ ಫ್ರೆಂಚರು ಮುಂದಿನ ವರ್ಷವೇ ಜಾನ್ ಗಾಲಿಯಾ ಮುಂದಾಳತ್ವದಲ್ಲಿ ತಮ್ಮಲ್ಲಿ ರಗ್ಬಿ ಲೀಗ್ ಆರಂಭಿಸಿದರು.

ಹಾಡ್ಜ್‌ಸನ್ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಫೈನಲ್ ಆಡಲಿಲ್ಲವೇ?

ಇಲ್ಲ, ಮತ್ತು ಅದರ ಕಾರಣ ತುಸು ತಮಾಷೆಯಾಗಿದೆ. ಫೈನಲ್ ಪಂದ್ಯ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣಕ್ಕೆ ಹೋದದ್ದು 1929ರಲ್ಲಿ, ಸ್ವಿಂಟನ್ ಕಪ್ ಗೆದ್ದ ಮರುವರ್ಷ. 1932ರಲ್ಲಿ ಸ್ವಿಂಟನ್ ಮತ್ತೆ ಫೈನಲ್ ತಲುಪಿತು. ಆದರೆ ಆ ವರ್ಷ ಆಸ್ಟ್ರೇಲಿಯಾಕ್ಕೆ ಹೋಗುವ ತಂಡದ ಹಡಗಿನ ದಿನಕ್ಕೆ ಹೊಂದಿಸಲು ಫೈನಲ್ ಅನ್ನು ಮುಂಚಿತವಾಗಿಯೇ ಏಪ್ರಿಲ್ 9ರಂದು ವಿಗನ್‌ನಲ್ಲೇ ನಡೆಸಿದರು. ಹಾಡ್ಜ್‌ಸನ್‌ಗೆ ಹೆಸರು ತಂದುಕೊಟ್ಟ ಪ್ರವಾಸವೇ ಅವರಿಗೆ ವೆಂಬ್ಲಿಯನ್ನು ತಪ್ಪಿಸಿತು. ಆ ಪಂದ್ಯವನ್ನು ಲೀಡ್ಸ್ 11-8ರಿಂದ ಗೆದ್ದಿತು. ಸ್ವಿಂಟನ್ ಮುಂದೆಂದೂ ಚಾಲೆಂಜ್ ಕಪ್ ಫೈನಲ್ ತಲುಪಲಿಲ್ಲ.

1936ರ ಪ್ರವಾಸದಲ್ಲಿ ಅವರ ಪಾತ್ರವೇನು?

ಸಲಿವನ್ ಈ ಸಲ ಹೋಗಲಿಲ್ಲ, ಲೀಡ್ಸ್‌ನ ಜಿಮ್ ಬ್ರೋ ನಾಯಕರಾದರು. ಸಲಿವನ್ ಇಲ್ಲದ ತಂಡದಲ್ಲಿ ಗೋಲ್ ಒದೆಯುವ ಹೊರೆಯ ದೊಡ್ಡ ಪಾಲು ಹಾಡ್ಜ್‌ಸನ್ ಮೇಲೆ ಬಿತ್ತು. ಸೆಕೆಂಡ್ ರೋದಲ್ಲಿ ಅವರ ಜೊತೆಗಾರ ವಾರಿಂಗ್ಟನ್ನಿನ ಜ್ಯಾಕ್ ಆರ್ಕ್‌ರೈಟ್, ಗಾತ್ರದಲ್ಲೂ ಸಿಟ್ಟಿನಲ್ಲೂ ದೊಡ್ಡ ಆಳು. ಸಿಡ್ನಿಯ ಮೊದಲ ಟೆಸ್ಟ್ 24-8ರಿಂದ ಸೋತಾಗ ಆಶಸ್ ಕೈಬಿಟ್ಟಿತೆಂದೇ ಹಲವರು ತಿಳಿದಿದ್ದರು. ಬ್ರಿಸ್ಬೇನ್‌ನಲ್ಲಿ 12-7, ಮತ್ತೆ ಸಿಡ್ನಿಯಲ್ಲಿ 12-7, ಎರಡೂ ಸಲ ಒಂದೇ ಅಂಕಗಳಿಂದ ಗೆದ್ದು ತಂಡ ಸರಣಿಯನ್ನು ಹಿಂದಕ್ಕೆಳೆದುಕೊಂಡಿತು. ನ್ಯೂಜಿಲೆಂಡಿನ ಎರಡು ಟೆಸ್ಟ್‌ಗಳನ್ನೂ, 10-8 ಮತ್ತು 23-11ರಿಂದ, ಗೆದ್ದರು.

ನನ್ನ ಲೆಕ್ಕದಲ್ಲಿ ಹಾಡ್ಜ್‌ಸನ್‌ರ ಅತ್ಯುತ್ತಮ ಕಾಲ ಇದೇ. ಇಪ್ಪತ್ತೇಳರ ವಯಸ್ಸು, ಎರಡನೆಯ ಪ್ರವಾಸದ ಅನುಭವ, ಹಿಂದೆ ಸಲಿವನ್ ಎಂಬ ಆಸರೆ ಇಲ್ಲದಿದ್ದಾಗ ಹೊಣೆ ಹೊರುವ ಧೈರ್ಯ.

ಇವರೆಲ್ಲ ಪೂರ್ಣಾವಧಿ ವೃತ್ತಿಪರರೇ?

ಅಲ್ಲ. ಪಂದ್ಯಕ್ಕಿಷ್ಟು ಎಂದು ಹಣ, ಗೆದ್ದರೆ ಹೆಚ್ಚು, ಸೋತರೆ ಕಡಿಮೆ. ವಾರದ ದಿನಗಳಲ್ಲಿ ಬೇರೆ ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಶನಿವಾರ ಪೆಟ್ಟು ಬಿದ್ದರೆ ಸೋಮವಾರದ ಕೂಲಿಗೂ ಪೆಟ್ಟು. ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ, ಆದ್ದರಿಂದ ಒಂದೇ ಕ್ಲಬ್ಬಿನಲ್ಲಿ ಇಡೀ ಜೀವನ ಕಳೆದವರ ನಿಷ್ಠೆಯನ್ನು ಹೊಗಳುವಾಗ ಸ್ವಲ್ಪ ತಡೆದು ಹೊಗಳುವುದು ಒಳ್ಳೆಯದು. ಪ್ರವಾಸಕ್ಕೆ ಆಯ್ಕೆಯಾಗುವುದು ಗೌರವದ ಜೊತೆಗೆ ಹಣದ ವಿಷಯವೂ ಆಗಿತ್ತು, ಲಾಭದಲ್ಲಿ ಒಂದು ಪಾಲು ಆಟಗಾರರಿಗೆ ಹಂಚಿಕೆಯಾಗುತ್ತಿತ್ತು.

ಆ ಪ್ರಸಿದ್ಧ ಗೋಲ್ ಎಷ್ಟು ದೂರದ್ದು?

77¾ ಗಜ, ಅಂದರೆ ಸುಮಾರು 71 ಮೀಟರ್. 1940ರ ಏಪ್ರಿಲ್ 13ರಂದು ರಾಕ್‌ಡೇಲ್ ಹಾರ್ನೆಟ್ಸ್ ವಿರುದ್ಧ, ಅವರದೇ ಅಥ್ಲೆಟಿಕ್ ಗ್ರೌಂಡ್ಸ್ ಮೈದಾನದಲ್ಲಿ ಒದ್ದ ಪೆನಾಲ್ಟಿ ಅದು. ಹತ್ತು ವರ್ಷ ಹಿಂದೆ ಆ ನಾಲ್ಕನೆಯ ಟೆಸ್ಟ್ ನಡೆದದ್ದೂ ಇಲ್ಲೇ.

ರಗ್ಬಿ ಲೀಗ್ ಮೈದಾನದಲ್ಲಿ ಗೋಲ್ ಕಂಬಗಳು ಗೋಲ್ ಗೆರೆಯ ಮೇಲೆಯೇ ನಿಂತಿರುತ್ತವೆ. ಎರಡು ಗೆರೆಗಳ ನಡುವಿನ ಅಂತರ ಹೆಚ್ಚೆಂದರೆ 110 ಗಜ. ಅಷ್ಟು ಉದ್ದದ ಮೈದಾನದಲ್ಲಿ ನಡುಗೆರೆಯಿಂದ ಕಂಬಕ್ಕೆ 55 ಗಜ. ಹಾಗಾದರೆ ಆ ಚೆಂಡು ಹೊರಟದ್ದು ನಡುಗೆರೆಗಿಂತ ಸುಮಾರು 23 ಗಜ ಹಿಂದಿನಿಂದ, ಸ್ವಿಂಟನ್ನಿನ ಸ್ವಂತ ಅರ್ಧದ ಒಳಗಿನಿಂದ. ಅಲ್ಲಿಂದ ಹಾರಿ, 18 ಅಡಿ ಅಂತರದ ಎರಡು ಕಂಬಗಳ ನಡುವೆ, 10 ಅಡಿ ಎತ್ತರದ ಅಡ್ಡಪಟ್ಟಿಯನ್ನು ದಾಟಬೇಕು. ಒದೆದವರಿಗೆ ಆಗ 31 ವರ್ಷ. ಅದಕ್ಕಿಂತ ದೂರದ ಪೆನಾಲ್ಟಿ ಗೋಲ್ ರಗ್ಬಿ ಲೀಗ್‌ನ ದಾಖಲೆಗಳಲ್ಲಿ ಬೇರೆ ಇಲ್ಲ ಎಂದೇ ಅಂಕಿ-ಅಂಶಗಳ ಪುಸ್ತಕಗಳು ದಶಕಗಳಿಂದ ಮುದ್ರಿಸುತ್ತ ಬಂದಿವೆ.

ಹೊರಗೆ ಯುದ್ಧ ನಡೆದಿತ್ತು. ಮಾಮೂಲಿನ ಲೀಗ್ ನಿಂತು, ಯುದ್ಧಕಾಲದ ತುರ್ತು ಲೀಗ್ ನಡೆಯುತ್ತಿತ್ತು. ಅದರಲ್ಲಿ ಲ್ಯಾಂಕಷೈರ್ ವಿಭಾಗವನ್ನು ಸ್ವಿಂಟನ್ ಗೆದ್ದಿತು, ಎರಡು ಪಂದ್ಯಗಳ ಫೈನಲ್‌ನಲ್ಲಿ ವಿಡ್ನೆಸ್ ತಂಡವನ್ನು 5-4 ಮತ್ತು 16-11ರಿಂದ ಸೋಲಿಸಿ ಲ್ಯಾಂಕಷೈರ್ ಕಪ್ ಕೂಡ ಪಡೆಯಿತು. ಕೊನೆಗೆ ಬ್ರಾಡ್‌ಫರ್ಡ್ ನಾರ್ದರ್ನ್ ಎದುರು ಚಾಂಪಿಯನ್‌ಷಿಪ್ ಕಳೆದುಕೊಂಡಿತು. 1941ರ ನಂತರ ಯುದ್ಧ ಮುಗಿಯುವವರೆಗೆ ಕ್ಲಬ್ ಆಟವನ್ನೇ ನಿಲ್ಲಿಸಿತು. ಹಾಡ್ಜ್‌ಸನ್‌ರ ಆಟವೂ ಅಲ್ಲಿಗೆ ನಿಂತಿತು.

ಸಲಿವನ್‌ರಷ್ಟು ಹೆಸರು ಇವರಿಗೆ ಏಕೆ ಬರಲಿಲ್ಲ?

ಅಂಕಪಟ್ಟಿ ಬರೆಯುವ ರೀತಿಯೇ ಮೊದಲ ಕಾರಣ. ಟ್ರೈ ಗಳಿಸಿದವನ ಹೆಸರು ಬರುತ್ತದೆ, ಗೋಲ್ ಒದ್ದವನ ಹೆಸರು ಬರುತ್ತದೆ. ಟ್ಯಾಕಲ್‌ಗಳನ್ನು ಆ ಕಾಲದಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಸ್ಕ್ರಮ್‌ನಲ್ಲಿ ಯಾರ ನೂಕಿನಿಂದ ಚೆಂಡು ಬಂತು ಎಂಬುದನ್ನು ಪತ್ರಿಕೆಯವನು ಬರೆಯುವುದಿಲ್ಲ, ಅದು ಅವನಿಗೆ ಕಾಣುವುದೂ ಇಲ್ಲ. ಎರಡನೆಯದಾಗಿ, ಸ್ವಿಂಟನ್ ಮುಂದೆ 1963 ಮತ್ತು 1964ರಲ್ಲಿ ಸತತ ಎರಡು ಬಾರಿ ಚಾಂಪಿಯನ್ ಆದರೂ ಆ ಬಳಿಕ ಕೆಳಗಿನ ದರ್ಜೆಗೆ ಇಳಿಯಿತು. ವಿಗನ್, ಲೀಡ್ಸ್‌ಗಳಂತೆ ತಮ್ಮ ಹಳೆಯ ವೀರರ ಹೆಸರನ್ನು ತಲೆಮಾರಿನಿಂದ ತಲೆಮಾರಿಗೆ ಜಪಿಸುವ ದೊಡ್ಡ ಅಭಿಮಾನಿ ಬಳಗ ಅದಕ್ಕೆ ಉಳಿಯಲಿಲ್ಲ. ಒದೆತದ ದಾಖಲೆಯೊಂದು ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿತ್ತೋ ಇಲ್ಲವೋ.

ಅವರು ಆಡಿದ ಮೈದಾನಗಳನ್ನು ಇಂದು ನೋಡಬಹುದೇ?

ಇಂಗ್ಲೆಂಡಿನಲ್ಲಿ ಬಹುತೇಕ ಆಗದು. ಸ್ಟೇಷನ್ ರೋಡ್ 1992ರಲ್ಲಿ ಮಾರಾಟವಾಗಿ ಅಲ್ಲಿ ಮನೆಗಳು ಎದ್ದಿವೆ. ವಿಗನ್‌ನ ಸೆಂಟ್ರಲ್ ಪಾರ್ಕ್ 1999ರವರೆಗೆ ಇತ್ತು, ಈಗ ಆ ಜಾಗದಲ್ಲಿ ಸೂಪರ್‌ಮಾರ್ಕೆಟ್ ಇದೆ. ಓಲ್ಡಮ್‌ನ ವಾಟರ್‌ಶೆಡಿಂಗ್ಸ್, ರಾಕ್‌ಡೇಲ್‌ನ ಅಥ್ಲೆಟಿಕ್ ಗ್ರೌಂಡ್ಸ್ ಎರಡೂ ಹೋದವು. ಇಲ್ಲಿ ಹೇಳಿದವುಗಳಲ್ಲಿ ಲೀಡ್ಸ್‌ನ ಹೆಡಿಂಗ್ಲಿ ಮಾತ್ರ ಇಂದಿಗೂ ರಗ್ಬಿ ಲೀಗ್‌ನ ಮೈದಾನವಾಗಿ ನಿಂತಿದೆ. ಹೊರದೇಶಗಳಲ್ಲಿ ಸಿಡ್ನಿ ಕ್ರಿಕೆಟ್ ಮೈದಾನವಿದೆ, ಬ್ರಿಸ್ಬೇನ್‌ನ ಗಾಬಾ ಇದೆ. ನಮ್ಮವರು ಅಲ್ಲಿಗೆ ಹೋಗುವುದು ಕ್ರಿಕೆಟ್ ನೋಡಲು, ಆದರೆ 1932ರ ಆ ಮೂರು ಟೆಸ್ಟ್‌ಗಳು ನಡೆದದ್ದು ಆ ಎರಡು ಮೈದಾನಗಳಲ್ಲೇ.